ಹೊಗೆಸೊಪ್ಪೂ ಹೃದಯವೂ

ಹೊಗೆಸೊಪ್ಪಿನ ಕೇಡನ್ನು ಕುರಿತು ಮಾತು ಬಂದೊಡನೆ ಸಾಮಾನ್ಯ ಜನರ ಮನಸ್ಸಿಗೆ ಹೊಳೆಯುವ ಅಂಗಗಳು ಎರಡು: ಶ್ವಾಸಕೋಶ ಮತ್ತು ಬಾಯಿ. ಬೀಡಿ ಸಿಗರೇಟುಗಳನ್ನು ಸೇದುವವರಿಗೆ ಕೆಮ್ಮು, ದಮ್ಮು, ಶ್ವಾಸಕೋಶದ ಕ್ಯಾನ್ಸರು ಬರಬಹುದೆಂಬುದನ್ನೂ, ಎಲೆಯಡಿಕೆಯೊಡನೆ ಹೊಗೆಸೊಪ್ಪು ಹಾಕಿಕೊಳ್ಳುವವರ ಬಾಯಿಯಲ್ಲಿ ಕೆಟ್ಟ ಹುಣ್ಣು ಏಳಬಹುದೆಂಬುದನ್ನೂ ಬಹುಮಂದಿ ಬಲ್ಲರು. ಹೃದಯದ ಮಾತನ್ನು ಎತ್ತುವವರು ಕಡಮೆ. ಎದೆಗೂಡಿನೊಳಗೆ ಮರೆಯಾಗಿ ಕುಳಿತಿರುವ ಈ ಅಂಗಕ್ಕೆ ಹೊಗೆಯಾಗಲಿ ಸೊಪ್ಪಿನ ರಸವಾಗಲಿ ನೇರವಾಗಿ ತಾಗುವುದಿಲ್ಲವಾದ್ದರಿಂದ, ಅದಕ್ಕೂ ಇದಕ್ಕೂ ಏನು ಸಂಬಂಧವೆಂದು ಕೇಳುವುದು ಸಹಜವೇ. ಆದರೆ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಲೆಕ್ಕವನ್ನು ನೋಡಿದರೆ ಈ ಪ್ರಶ್ನೆಯ ಗುರುತ್ವವು ತಿಳಿದೀತು. ಹೊಗೆಸೊಪ್ಪಿನಿಂದ ಉಂಟಾಗುವ ಹೃದ್ರೋಗಕ್ಕೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 19 ಲಕ್ಷ ಜನ ಬಲಿಯಾಗುತ್ತಾರೆ. ಹೃದಯದ ಧಮನಿಗಳ ರೋಗದಿಂದ ಸಂಭವಿಸುವ ಐದು ಸಾವುಗಳಲ್ಲಿ ಒಂದು ಹೊಗೆಸೊಪ್ಪಿನ ಲೆಕ್ಕಕ್ಕೆ ಸೇರುತ್ತದೆ.

ಇದರಲ್ಲಿ ಇನ್ನೊಂದು ವಿಶೇಷವೂ ಉಂಟು. ಕ್ಯಾನ್ಸರು ಹತ್ತಾರು ವರ್ಷ ಒಳಗೊಳಗೇ ಬೆಳೆದು ಕಾಣಿಸಿಕೊಳ್ಳುವ ರೋಗ. ಹೃದಯದ ಮೇಲೆ ಹೊಗೆಸೊಪ್ಪು ನಡೆಸುವ ಕ್ರಿಯೆಯಾದರೋ ಮೊದಲನೆಯ ದಮ್ಮಿನಿಂದಲೇ, ಕೆಲವೇ ಕ್ಷಣಗಳಲ್ಲಿ ಆರಂಭವಾಗುತ್ತದೆ. ಹಾಗೆಯೇ, ಚಟವನ್ನು ಬಿಟ್ಟವನಿಗೆ ದೊರೆಯುವ ಲಾಭವೂ ಎಲ್ಲಕ್ಕಿಂತ ಮೊದಲು ಹೃದಯಕ್ಕೇ ಸಲ್ಲುತ್ತದೆ. ಈ ಎರಡು ಸಂಗತಿಗಳ ಕಾರಣವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಗಿಡ ಬಂದ ಬಗೆ

ಹೊಗೆಸೊಪ್ಪಿನ ಗಿಡವು ಅಮೆರಿಕ ಖಂಡದ್ದು. ಬದನೆ, ಮೆಣಸಿನಕಾಯಿ, ಆಲೂಗೆಡ್ಡೆಗಳ ಕುಟುಂಬಕ್ಕೆ ಸೇರಿದುದು. ಕೊಲಂಬಸನ ಯಾನದ ತರುವಾಯ ಅದು ಯೂರೋಪನ್ನು ಸೇರಿತು. 1560ರ ಸುಮಾರಿನಲ್ಲಿ ಪೋರ್ಚುಗಲ್ಲಿನಲ್ಲಿ ಫ್ರಾನ್ಸಿನ ರಾಯಭಾರಿಯಾಗಿದ್ದ ಜಾನ್ ನಿಕೋ ಎಂಬಾತನು ಇದನ್ನು ಔಷಧಿಯೆಂದು ತನ್ನ ಅರಮನೆಗೆ ಕಳುಹಿಸಿದನು. ಆತನ ಹೆಸರೇ ಗಿಡದ ಶಾಸ್ತ್ರೀಯ ನಾಮದಲ್ಲಿಯೂ, ಅದರ ಸಾರವಾದ ನಿಕೊಟಿನ್ನಿನಲ್ಲಿಯೂ ಉಳಿದುಬಂದಿದೆ. ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತಕ್ಕೆ ಬಂದಿತು. ಇಂಗ್ಲೆಂಡಿನ ಒಂದನೆಯ ಜೇಮ್ಸ್ ದೊರೆಯು 1604ರಲ್ಲಿ ಇದನ್ನು ಹಳಿದು ಒಂದು ಪುಸ್ತಿಕೆಯನ್ನೇ ಬರೆದನು; ಜಹಾಂಗೀರ್ ಬಾದಶಹನು 1617ರಲ್ಲಿ ಇದನ್ನು ನಿಷೇಧಿಸಿದನು. ದೊರೆಗಳ ಆಜ್ಞೆಗಿಂತ ಚಟದ ಆಜ್ಞೆಯೇ ಬಲವಾದುದೆಂಬುದಕ್ಕೆ ಮುಂದಿನ ಚರಿತ್ರೆಯೇ ಸಾಕ್ಷಿ.

ಕನ್ನಡ ನಾಡಿಗೆ ಈ ಬೆಳೆಯೊಡನೆ ಇರುವ ನಂಟು ಅಲ್ಪವಲ್ಲ. ಸಿಗರೇಟಿಗೆ ಬೇಕಾದ ವರ್ಜೀನಿಯ ಜಾತಿಯ ಸೊಪ್ಪು ಹುಣಸೂರು, ಪಿರಿಯಾಪಟ್ಟಣದ ಸೀಮೆಯಲ್ಲಿ ಬೆಳೆಯುತ್ತದೆ. ಬೀಡಿಯ ಸೊಪ್ಪಿಗೆ ನಿಪ್ಪಾಣಿ ಹೆಸರಾದುದು. ಬೀಡಿ ಕಟ್ಟುವ ಕೆಲಸ ದಕ್ಷಿಣ ಕನ್ನಡದ ಸಾವಿರಾರು ಮನೆಗಳ ಹೆಂಗಸರ ಜೀವನೋಪಾಯ. 2016-17ರಲ್ಲಿ ನಡೆದ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಶೇಕಡ 28.6 ಮಂದಿ, ಕರ್ನಾಟಕದ ವಯಸ್ಕರಲ್ಲಿ ಶೇಕಡ 22.8 ಮಂದಿ ಯಾವುದಾದರೊಂದು ರೂಪದಲ್ಲಿ ಹೊಗೆಸೊಪ್ಪನ್ನು ಬಳಸುತ್ತಿದ್ದರು. ಆದುದರಿಂದ ಇದು ಪರದೇಶದ ವೈದ್ಯರ ಚರ್ಚೆಯ ವಿಷಯ ಮಾತ್ರವಲ್ಲ, ನಮ್ಮ ಮನೆಬಾಗಿಲಿನ ಪ್ರಶ್ನೆ.

ಹೃದಯದ ದುಡಿಮೆ

ಹೊಗೆಸೊಪ್ಪು ಮಾಡುವ ಹಾನಿಯನ್ನು ಅರಿಯಬೇಕಾದರೆ ಹೃದಯದ ದುಡಿಮೆಯ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. ಮುಷ್ಟಿಗಾತ್ರದ ಈ ಸ್ನಾಯುವಿನ ಚೀಲ ನಿಮಿಷಕ್ಕೆ ಸುಮಾರು 70 ಸಾರಿ ಮಿಡಿಯುತ್ತದೆ. ದಿನಕ್ಕೆ ಒಂದು ಲಕ್ಷ ಸಾರಿ ಎನ್ನಬಹುದು. ಒಂದೊಂದು ಮಿಡಿತಕ್ಕೂ ಸುಮಾರು 70 ಮಿಲಿಲೀಟರಿನಂತೆ, ನಿಮಿಷಕ್ಕೆ ಐದು ಲೀಟರು ರಕ್ತವನ್ನು ಅದು ದೇಹದ ಮೂಲೆ ಮೂಲೆಗೂ ಒತ್ತುತ್ತದೆ. ರಾತ್ರಿ ನಾವು ಮಲಗಿದಾಗಲೂ ಅದಕ್ಕೆ ರಜೆಯಿಲ್ಲ.

ಇಷ್ಟು ರಕ್ತವು ತನ್ನೊಳಗೇ ಹಾದುಹೋಗುತ್ತಿದ್ದರೂ ಹೃದಯವು ಅದರಿಂದ ನೇರವಾಗಿ ಆಹಾರವನ್ನು ಪಡೆಯಲಾರದು. ಬ್ಯಾಂಕಿನ ಗುಮಾಸ್ತನು ದಿನವಿಡೀ ಹಣವನ್ನು ಎಣಿಸಿದರೂ ತಿಂಗಳ ಸಂಬಳದಲ್ಲೇ ಬದುಕಬೇಕಲ್ಲವೆ? ಹಾಗೆಯೇ ಹೃದಯದ ಸ್ನಾಯುವಿಗೆ ಬೇಕಾದ ರಕ್ತವು ಅದರ ಮೈಮೇಲೆ ಹರಡಿರುವ ಎರಡು ಸಣ್ಣ ಧಮನಿಗಳ ಮೂಲಕವೇ ಬರಬೇಕು. ಕಿರೀಟದಂತೆ ಹೃದಯವನ್ನು ಬಳಸಿಕೊಂಡಿರುವುದರಿಂದ ಇವಕ್ಕೆ ಕಿರೀಟಧಮನಿಗಳೆಂದು ಹೆಸರು; ವೈದ್ಯರು ಕರೋನರಿ ಎನ್ನುತ್ತಾರೆ. ಇವುಗಳ ವ್ಯಾಸವು ಮೂರು ನಾಲ್ಕು ಮಿಲಿಮೀಟರು ಮಾತ್ರ.

ದೇಹದ ಇತರ ಸ್ನಾಯುಗಳು ಬಿಡುವಿನ ವೇಳೆಯಲ್ಲಿ ರಕ್ತದೊಳಗಿನ ಆಮ್ಲಜನಕದ ಸ್ವಲ್ಪ ಭಾಗವನ್ನು ಮಾತ್ರ ತೆಗೆದುಕೊಂಡು, ಕೆಲಸ ಹೆಚ್ಚಿದಾಗ ಹೆಚ್ಚು ಭಾಗವನ್ನು ಹೀರಿಕೊಳ್ಳಬಲ್ಲವು. ಹೃದಯಕ್ಕೆ ಈ ಸೌಕರ್ಯವಿಲ್ಲ. ತನ್ನ ಬಳಿಗೆ ಬಂದ ಆಮ್ಲಜನಕದ ಮುಕ್ಕಾಲು ಪಾಲಿನಷ್ಟನ್ನು ಅದು ವಿಶ್ರಾಂತಿಯಲ್ಲಿರುವಾಗಲೇ ಬಳಸಿಬಿಡುತ್ತದೆ. ದುಡಿಮೆ ಹೆಚ್ಚಿದರೆ ಹೆಚ್ಚು ಆಮ್ಲಜನಕವನ್ನು ಪಡೆಯಲು ಅದಕ್ಕಿರುವ ಮಾರ್ಗ ಒಂದೇ: ಕಿರೀಟಧಮನಿಗಳು ಹಿಗ್ಗಿ ಹೆಚ್ಚು ರಕ್ತವನ್ನು ಬಿಡಬೇಕು. ಹೃದಯದ ದುಡಿಮೆಯನ್ನು ಹೆಚ್ಚಿಸುವುದು, ರಕ್ತದ ಆಮ್ಲಜನಕವನ್ನು ತಗ್ಗಿಸುವುದು, ಧಮನಿಗಳು ಹಿಗ್ಗದಂತೆ ತಡೆಯುವುದು, ಇವು ಮೂರೂ ಹೃದಯಕ್ಕೆ ಸಂಕಟಕರವಾದ ಸಂಗತಿಗಳು. ಸಿಗರೇಟಿನ ಹೊಗೆ ಈ ಮೂರನ್ನೂ ಏಕಕಾಲದಲ್ಲಿ ಮಾಡುತ್ತದೆ.

ನಿಕೊಟಿನ್ನಿನ ಚಾವಟಿ

ಹೊಗೆಯಲ್ಲಿ ಏಳು ಸಾವಿರಕ್ಕೂ ಮಿಕ್ಕಿದ ರಾಸಾಯನಿಕ ವಸ್ತುಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ. ಅವುಗಳಲ್ಲಿ ಮನುಷ್ಯನನ್ನು ಮತ್ತೆ ಮತ್ತೆ ಸೇದುವಂತೆ ಮಾಡುವುದು ನಿಕೊಟಿನ್. 1828ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಪೊಸೆಲ್ಟ್ ಮತ್ತು ರೈಮನ್ ಎಂಬುವರು ಇದನ್ನು ಮೊದಲು ಬೇರ್ಪಡಿಸಿದರು. ಸೊಪ್ಪನ್ನು ತಿನ್ನಬರುವ ಕೀಟಗಳಿಂದ ತನ್ನನ್ನು ಕಾಪಾಡಿಕೊಳ್ಳುವುದಕ್ಕಾಗಿ ಗಿಡವು ಸಿದ್ಧಪಡಿಸಿಕೊಳ್ಳುವ ವಿಷವಿದು. ಹೊಗೆಸೊಪ್ಪಿನ ಕಷಾಯವನ್ನು ರೈತರು ಬೆಳೆಗಳ ಹುಳುವಿಗೆ ಸಿಂಪಡಿಸುತ್ತಿದ್ದುದು ಇದೇ ಗುಣದಿಂದ.

ಸೇದಿದ ಹೊಗೆಯು ಶ್ವಾಸಕೋಶವನ್ನು ಹೊಕ್ಕ ಹತ್ತಿಪ್ಪತ್ತು ಸೆಕೆಂಡುಗಳಲ್ಲಿ ನಿಕೊಟಿನ್ ಮೆದುಳನ್ನು ಮುಟ್ಟುತ್ತದೆ. ಅದು ದೇಹದಲ್ಲಿ ಮಾಡುವ ಮೋಸವು ವಿಚಿತ್ರವಾದುದು. ನಮ್ಮ ನರಗಳು ಒಂದರಿಂದ ಇನ್ನೊಂದಕ್ಕೆ ಸುದ್ದಿಯನ್ನು ಮುಟ್ಟಿಸಲು ಅಸಿಟೈಲ್ ಕೋಲಿನ್ ಎಂಬ ವಸ್ತುವನ್ನು ಬಳಸುತ್ತವೆ. ಬೀಗಕ್ಕೆ ಕೀಲಿಕೈಯಂತೆ ಅದು ಮುಂದಿನ ನರದ ಮೇಲಿರುವ ಗ್ರಾಹಕದೊಳಗೆ ಕೂಡುತ್ತದೆ. ನಿಕೊಟಿನ್ನಿನ ಆಕಾರವು ಆ ಕೀಲಿಕೈಯನ್ನು ಹೋಲುವುದರಿಂದ ಅದೂ ಅದೇ ಬೀಗವನ್ನು ತೆರೆಯಬಲ್ಲುದು. ಕೇಂಬ್ರಿಡ್ಜಿನ ಶರೀರಶಾಸ್ತ್ರಜ್ಞನಾದ ಜಾನ್ ಲ್ಯಾಂಗ್ಲಿಯು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಾಣಿಗಳ ನರಗಂಟುಗಳಿಗೆ ನಿಕೊಟಿನ್ನನ್ನು ಸವರಿ ಅನೇಕ ಪ್ರಯೋಗಗಳನ್ನು ಮಾಡಿದನು. ಜೀವಕೋಶದ ಮೇಲೆ ಔಷಧಿಗಳನ್ನು ಹಿಡಿದುಕೊಳ್ಳುವ ಗ್ರಾಹಕಗಳಿರಬೇಕೆಂಬ ಇಂದಿನ ತತ್ತ್ವಕ್ಕೆ ಅವನ ಆ ಕೆಲಸವೇ ಅಡಿಪಾಯವಾಯಿತು.

ನಿಕೊಟಿನ್ನಿನಿಂದ ಹೀಗೆ ಕೆರಳಿದ ನರಗಳೂ, ಮೂತ್ರಪಿಂಡಗಳ ತಲೆಯ ಮೇಲಿರುವ ಅಡ್ರಿನಲ್ ಗ್ರಂಥಿಗಳೂ ಅಡ್ರಿನಲಿನ್ ಮತ್ತು ಅದರ ಸೋದರ ವಸ್ತುಗಳನ್ನು ರಕ್ತಕ್ಕೆ ಸುರಿಯುತ್ತವೆ. ಕಾಡಿನಲ್ಲಿ ಹುಲಿಯನ್ನು ಕಂಡಾಗ ದೇಹದಲ್ಲಿ ಆಗುವ ಸಿದ್ಧತೆಯೇ ಇದು: ನಾಡಿಯು ಓಡುತ್ತದೆ, ರಕ್ತದೊತ್ತಡವು ಏರುತ್ತದೆ, ಚರ್ಮದ ಸಣ್ಣ ನಾಳಗಳು ಕುಗ್ಗಿ ಬೆರಳ ತುದಿಗಳು ತಣ್ಣಗಾಗುತ್ತವೆ. ಓಡಿಹೋಗುವುದಕ್ಕೆ ಹುಲಿಯೂ ಇಲ್ಲ, ಓಟವೂ ಇಲ್ಲ. ಕುರ್ಚಿಯಲ್ಲಿ ಕುಳಿತವನ ಹೃದಯವು ವ್ಯರ್ಥವಾಗಿ ದುಡಿಯುತ್ತದೆ. ಒಂದು ಸಿಗರೇಟಿನಿಂದ ನಾಡಿಯು ನಿಮಿಷಕ್ಕೆ ಹತ್ತರಿಂದ ಇಪ್ಪತ್ತರಷ್ಟು ಏರುವುದುಂಟು. ದಿನವಿಡೀ ಸೇದುವವರಲ್ಲಿ ಸರಾಸರಿ ಏಳು ಮಿಡಿತ ಹೆಚ್ಚುತ್ತದೆಂದು ಇಟ್ಟುಕೊಂಡರೂ ದಿನಕ್ಕೆ ಹತ್ತು ಸಾವಿರ ಮಿಡಿತಗಳ ಅಧಿಕ ದುಡಿಮೆಯಾಯಿತು.

ಆಮ್ಲಜನಕದ ಪೀಠವನ್ನು ಕದಿಯುವ ಅನಿಲ

ಸೌದೆಯಾಗಲಿ ಸೊಪ್ಪಾಗಲಿ ಸಾಕಷ್ಟು ಗಾಳಿಯಿಲ್ಲದೆ ಹೊಗೆಯಾಡಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಲ ಅಗ್ಗಿಷ್ಟಿಕೆಯನ್ನಿಟ್ಟುಕೊಂಡು ಮಲಗಿದವರು ಬೆಳಗಾಗುವಷ್ಟರಲ್ಲಿ ಸತ್ತಿದ್ದರೆಂಬ ಸುದ್ದಿಗಳನ್ನು ವಾಚಕರು ಓದಿರಬಹುದು. ಅಲ್ಲಿ ಕೊಂದುದು ಈ ಅನಿಲವೇ. ಫ್ರಾನ್ಸಿನ ಕ್ಲೋದ್ ಬರ್ನಾರ್ ಎಂಬ ಶರೀರಶಾಸ್ತ್ರಜ್ಞನು ಹತ್ತೊಂಬತ್ತನೆಯ ಶತಮಾನದ ನಡುವೆ ಇದರ ಗುಟ್ಟನ್ನು ಬಿಡಿಸಿದನು. ರಕ್ತಕ್ಕೆ ಕೆಂಪು ಬಣ್ಣವನ್ನು ಕೊಡುವ ಹೀಮೊಗ್ಲೋಬಿನ್ ಆಮ್ಲಜನಕವನ್ನು ಹೊರುವ ವಾಹನ. ಕಾರ್ಬನ್ ಮಾನಾಕ್ಸೈಡ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಿಗಿಯಿಂದ ಆ ವಾಹನದ ಪೀಠವನ್ನು ಹಿಡಿದುಕೊಂಡುಬಿಡುತ್ತದೆ. ಅಷ್ಟೇ ಅಲ್ಲ, ಉಳಿದ ಪೀಠಗಳ ಮೇಲೆ ಕುಳಿತ ಆಮ್ಲಜನಕವು ಅಂಗಾಂಶಗಳ ಬಳಿ ಸುಲಭವಾಗಿ ಇಳಿಯದಂತೆಯೂ ಮಾಡುತ್ತದೆ.

ಹೊಗೆ ಸೇದದವರ ರಕ್ತದಲ್ಲಿ ಈ ಅನಿಲಕ್ಕೆ ಸೆರೆಯಾದ ಹೀಮೊಗ್ಲೋಬಿನ್ ಶೇಕಡ ಒಂದರ ಆಸುಪಾಸಿನಲ್ಲಿರುತ್ತದೆ. ವಾಡಿಕೆಯಾಗಿ ಸೇದುವವರಲ್ಲಿ ಅದು ಶೇಕಡ ಮೂರರಿಂದ ಎಂಟರವರೆಗೆ, ಕೆಲವರಲ್ಲಿ ಇನ್ನೂ ಹೆಚ್ಚಿಗೆ ಏರುತ್ತದೆ. ಒಂದು ಕೈಯಲ್ಲಿ ನಿಕೊಟಿನ್ ಹೃದಯವನ್ನು ಚಾವಟಿಯಿಂದ ಹೊಡೆದು ಓಡಿಸುತ್ತಿದ್ದರೆ, ಇನ್ನೊಂದು ಕೈಯಲ್ಲಿ ಈ ಅನಿಲವು ಅದರ ಮೇವನ್ನು ಕಸಿದುಕೊಳ್ಳುತ್ತದೆ. ಆರೋಗ್ಯವಂತನ ಕಿರೀಟಧಮನಿಗಳು ಹಿಗ್ಗಿ ಈ ಕೊರತೆಯನ್ನು ತುಂಬಿಕೊಡಬಲ್ಲವು. ಅವು ಈಗಾಗಲೇ ಕಿರಿದಾಗಿದ್ದರೆ ಎದೆಯಲ್ಲಿ ಹಿಂಡಿದಂತಹ ನೋವು ಕಾಣಿಸಿಕೊಳ್ಳುತ್ತದೆ.

ನಾಳದ ಒಳಪದರ

ಇದುವರೆಗೆ ಹೇಳಿದುದು ಕ್ಷಣಿಕ ಪರಿಣಾಮಗಳ ಮಾತು. ವರ್ಷಗಟ್ಟಲೆ ನಡೆಯುವ ಹಾನಿಯ ಸ್ಥಳವು ರಕ್ತನಾಳಗಳ ಗೋಡೆ. ಒಂದು ಕಾಲದಲ್ಲಿ ನಾಳಗಳೆಂದರೆ ನೀರಿನ ಕೊಳಾಯಿಗಳಂತೆ ನಿರ್ಜೀವವಾದ ಕೊಳವೆಗಳೆಂದು ಭಾವಿಸಿದ್ದುಂಟು. ನಾಳದ ಒಳಮೈಗೆ ಒಂದೇ ಕೋಶದಷ್ಟು ದಪ್ಪನಾದ ನುಣುಪಾದ ಪದರವೊಂದಿದೆ. ರಕ್ತವು ಅಂಟದಂತೆ ಹರಿಯುವುದು ಇದರ ದೆಸೆಯಿಂದ. 1980ರಲ್ಲಿ ರಾಬರ್ಟ್ ಫರ್ಚ್‌ಗಾಟ್ ಎಂಬ ಅಮೆರಿಕನ್ ವಿಜ್ಞಾನಿಯು ಈ ತೆಳುಪದರವು ಒಂದು ವಸ್ತುವನ್ನು ಹೊರಡಿಸಿ ನಾಳವನ್ನು ಹಿಗ್ಗಿಸುತ್ತದೆಂದು ತೋರಿಸಿದನು. ಆ ವಸ್ತು ನೈಟ್ರಿಕ್ ಆಕ್ಸೈಡ್ ಎಂಬ ಸರಳವಾದ ಅನಿಲವೆಂದು ಮುಂದೆ ತಿಳಿದುಬಂದಿತು. ಈ ಶೋಧಕ್ಕಾಗಿ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಎಂಬ ಮೂವರಿಗೆ 1998ರ ನೊಬೆಲ್ ಪಾರಿತೋಷಕವು ದೊರೆಯಿತು.

ಹೊಗೆಯೊಳಗಿನ ಉತ್ಕರ್ಷಕ ವಸ್ತುಗಳು ರಕ್ತವನ್ನು ಸೇರಿ ಈ ಪದರವನ್ನು ಕೆಡಿಸುತ್ತವೆ, ನೈಟ್ರಿಕ್ ಆಕ್ಸೈಡನ್ನು ನಾಶಗೊಳಿಸುತ್ತವೆ. ಆಗ ನಾಳವು ಬೇಕಾದಾಗ ಹಿಗ್ಗಲಾರದು. ಬೇರಾವ ರೋಗವೂ ಇಲ್ಲದ ತರುಣ ಧೂಮಪಾನಿಗಳಲ್ಲಿಯೂ ತೋಳಿನ ಧಮನಿಯು ಸರಿಯಾಗಿ ಹಿಗ್ಗುವುದಿಲ್ಲವೆಂಬುದನ್ನು 1990ರ ದಶಕದಲ್ಲಿ ಶ್ರವಣಾತೀತ ಧ್ವನಿಯ ಯಂತ್ರದಿಂದ ಅಳೆದು ನೋಡಿದ್ದಾರೆ.

ನುಣುಪು ಕೆಟ್ಟ ಪದರದ ಅಡಿಗೆ ರಕ್ತದ ಕೊಬ್ಬು ಇಳಿಯುತ್ತದೆ. ಅದನ್ನು ತಿಂದುಹಾಕಲು ಬಂದ ಬಿಳಿಯ ರಕ್ತಕಣಗಳು ಕೊಬ್ಬಿನಿಂದ ಉಬ್ಬಿ ಅಲ್ಲಿಯೇ ಸಿಕ್ಕಿಕೊಳ್ಳುತ್ತವೆ. ಹೀಗೆ ಗೋಡೆಯೊಳಗೆ ಗಂಜಿಯಂತಹ ಗಡ್ಡೆಯೊಂದು ಬೆಳೆಯುತ್ತದೆ. ವೈದ್ಯರು ಇದಕ್ಕೆ ಕೊಟ್ಟಿರುವ ಅಥೆರೋಮ ಎಂಬ ಗ್ರೀಕ್ ಹೆಸರಿನ ಮೂಲದಲ್ಲಿಯೂ ಗಂಜಿಯೆಂಬ ಅರ್ಥವೇ ಇದೆ. ಧೂಮಪಾನವು ಒಳ್ಳೆಯ ಕೊಲೆಸ್ಟರಾಲನ್ನು ತಗ್ಗಿಸಿ, ಕೆಟ್ಟ ಕೊಲೆಸ್ಟರಾಲನ್ನು ಉತ್ಕರ್ಷಿಸಿ ಈ ಕೆಲಸವನ್ನು ತ್ವರೆಗೊಳಿಸುತ್ತದೆ. ಇದು ಮುದುಕರ ರೋಗವೆಂದು ತಿಳಿಯುವುದು ತಪ್ಪು. ಅಮೆರಿಕದಲ್ಲಿ ಅಪಘಾತವೇ ಮೊದಲಾದ ಕಾರಣಗಳಿಂದ ಸತ್ತ 15ರಿಂದ 34 ವರ್ಷದ ಯುವಕರ ನಾಳಗಳನ್ನು ಪರೀಕ್ಷಿಸಿದಾಗ, ಸೇದುತ್ತಿದ್ದವರ ನಾಳಗಳಲ್ಲಿ ಈ ಕೊಬ್ಬಿನ ಗುರುತುಗಳು ಹೆಚ್ಚಾಗಿದ್ದುದು ಕಂಡುಬಂದಿತು.

ನಾಳವು ಕಿರಿದಾದರೆ ಪ್ರವಾಹವು ಎಷ್ಟು ಕುಗ್ಗುವುದೆಂಬುದಕ್ಕೆ ಗಣಿತವುಂಟು. ಫ್ರಾನ್ಸಿನ ವೈದ್ಯನಾದ ಪ್ವಾಸೆಯ್ ಹತ್ತೊಂಬತ್ತನೆಯ ಶತಮಾನದಲ್ಲಿ ಸಣ್ಣ ಕೊಳವೆಗಳಲ್ಲಿ ದ್ರವವನ್ನು ಹರಿಸಿ ಈ ನಿಯಮವನ್ನು ಕಂಡುಹಿಡಿದನು. ಉಳಿದೆಲ್ಲವೂ ಸಮನಾಗಿರುವಾಗ ಪ್ರವಾಹವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುತ್ತದೆ. ಎಂದರೆ ವ್ಯಾಸವು ಅರ್ಧವಾದರೆ ಪ್ರವಾಹವು ಅರ್ಧಕ್ಕಲ್ಲ, ಹದಿನಾರನೆಯ ಒಂದು ಪಾಲಿಗೆ ಇಳಿಯುತ್ತದೆ. ಜೀವಂತ ನಾಳದಲ್ಲಿ ಈ ಲೆಕ್ಕವು ಯಥಾವತ್ತಾಗಿ ನಡೆಯದಿದ್ದರೂ, ಸ್ವಲ್ಪ ಸಂಕೋಚವೂ ದೊಡ್ಡ ನಷ್ಟವನ್ನು ಏಕೆ ತರುವುದೆಂಬುದು ಇದರಿಂದ ಗೊತ್ತಾಗುತ್ತದೆ.

ಅಂತ್ಯದ ಆಘಾತವನ್ನು ತರುವುದು ಬಹುಮಟ್ಟಿಗೆ ರಕ್ತದ ಹೆಪ್ಪು. ಗಂಜಿಗಡ್ಡೆಯ ಮೇಲಿನ ಹೊದಿಕೆಯು ಹರಿದಾಗ, ಗಾಯವಾಯಿತೆಂದು ತಿಳಿದ ರಕ್ತವು ಅಲ್ಲಿಯೇ ಹೆಪ್ಪುಗಟ್ಟಿ ನಾಳವನ್ನು ಮುಚ್ಚಿಬಿಡುತ್ತದೆ. ಆ ನಾಳದಿಂದ ಆಹಾರ ಪಡೆಯುತ್ತಿದ್ದ ಹೃದಯದ ಭಾಗವು ಸಾಯತೊಡಗುತ್ತದೆ. ಇದೇ ಹೃದಯಾಘಾತ. ಮೆದುಳಿನ ನಾಳದಲ್ಲಿ ಹೀಗಾದರೆ ಪಾರ್ಶ್ವವಾಯು. ಧೂಮಪಾನವು ಹೆಪ್ಪುಗಟ್ಟಿಸುವ ಕಿರುಬಿಲ್ಲೆಗಳನ್ನು ಅಂಟಂಟಾಗಿಸುತ್ತದೆ. ಹೆಪ್ಪಿಗೆ ಎಳೆಗಳನ್ನು ಒದಗಿಸುವ ಫೈಬ್ರಿನೋಜನ್ ಎಂಬ ವಸ್ತುವನ್ನು ರಕ್ತದಲ್ಲಿ ಹೆಚ್ಚಿಸುತ್ತದೆ. ಧಮನಿಗಳು ಹೆಚ್ಚು ಕಿರಿದಾಗದಿದ್ದ ತರುಣ ಧೂಮಪಾನಿಯೂ ಒಮ್ಮೆಗೇ ಹೃದಯಾಘಾತಕ್ಕೆ ಗುರಿಯಾಗುವುದು ಈ ಕಾರಣದಿಂದಲೇ. ಇಂಗ್ಲೆಂಡಿನಲ್ಲಿ 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, 30ರಿಂದ 49 ವರ್ಷದ ಧೂಮಪಾನಿಗಳಲ್ಲಿ ಹೃದಯಾಘಾತವು ಸೇದದವರಿಗಿಂತ ಸುಮಾರು ಐದು ಪಟ್ಟು ಹೆಚ್ಚಾಗಿತ್ತು.

ಕಾಲಿನ ಕೊಳೆತ

ಹೊಗೆಸೊಪ್ಪಿಗೂ ರಕ್ತನಾಳಕ್ಕೂ ಇರುವ ವೈರವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವ ರೋಗವೊಂದಿದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ಎಂಬ ವೈದ್ಯನು ವರ್ಣಿಸಿದುದರಿಂದ ಅದು ಬರ್ಗರನ ರೋಗವೆಂದು ಪ್ರಸಿದ್ಧ. ಅದಕ್ಕೆ ಬಲಿಯಾಗುವವರು ಬಹುಪಾಲು ನಲವತ್ತೈದು ವರ್ಷಕ್ಕೆ ಒಳಗಿನ ಗಂಡಸರು. ಹೊಗೆಸೊಪ್ಪು ಬಳಸದವರಲ್ಲಿ ಅದು ಇಲ್ಲವೆಂದೇ ಹೇಳಬಹುದು. ಕೈಕಾಲುಗಳ ಸಣ್ಣ ನಾಳಗಳು ಉರಿತಗೊಂಡು ಹೆಪ್ಪಿನಿಂದ ಮುಚ್ಚಿಹೋಗುತ್ತವೆ. ಮೊದಲು ನಡೆಯುವಾಗ ಕಾಲು ನೋಯುತ್ತದೆ, ಬಳಿಕ ಸುಮ್ಮನೆ ಮಲಗಿದಾಗಲೂ ನೋಯುತ್ತದೆ, ಕಡೆಗೆ ಬೆರಳುಗಳು ಕಪ್ಪಾಗಿ ಕೊಳೆಯುತ್ತವೆ. ಭಾರತದಲ್ಲಿ ಬೀಡಿ ಸೇದುವ ಕೂಲಿಕಾರರಲ್ಲಿ ಈ ರೋಗವು ಅಪರೂಪವಲ್ಲ. ಚಿಕಿತ್ಸೆಗಳಲ್ಲೆಲ್ಲ ಮುಖ್ಯವಾದುದು ಹೊಗೆಸೊಪ್ಪನ್ನು ಪೂರ್ಣವಾಗಿ ತ್ಯಜಿಸುವುದು. ತ್ಯಜಿಸಿದವರ ಕಾಲುಗಳು ಸಾಮಾನ್ಯವಾಗಿ ಉಳಿದುಕೊಳ್ಳುತ್ತವೆ. ಮುಂದುವರಿಸಿದವರಲ್ಲಿ ಅನೇಕರು ಒಂದಾದಮೇಲೊಂದರಂತೆ ಬೆರಳನ್ನೂ ಪಾದವನ್ನೂ ಕಳೆದುಕೊಳ್ಳುತ್ತಾರೆ.

ಸಾಕ್ಷ್ಯ ದೊರೆತ ಬಗೆ

ಧೂಮಪಾನಿಗಳಿಗೆ ಹೃದ್ರೋಗ ಬರುತ್ತದೆಂದು ಹೇಳಿದರೆ ಸಾಲದು. ಅದು ಕಾಕತಾಳೀಯವಲ್ಲವೆಂದು ತೋರಿಸಬೇಕಷ್ಟೆ. ಅಮೆರಿಕದ ಮೇಯೊ ಚಿಕಿತ್ಸಾಲಯದ ವೈದ್ಯರು 1940ರಲ್ಲಿಯೇ ಈ ಸಂಬಂಧವನ್ನು ಸೂಚಿಸಿದ್ದರು. ಅದನ್ನು ದೃಢಪಡಿಸಿದ ಎರಡು ಅಧ್ಯಯನಗಳು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಹೆಸರಾದುವು. 1948ರಲ್ಲಿ ಮ್ಯಾಸಚೂಸೆಟ್ಸ್ ಸಂಸ್ಥಾನದ ಫ್ರಾಮಿಂಗ್‌ಹ್ಯಾಂ ಎಂಬ ಊರಿನಲ್ಲಿ 5,209 ಜನರನ್ನು ನೋಂದಾಯಿಸಿಕೊಂಡು, ಅವರ ಆರೋಗ್ಯವನ್ನು ವರ್ಷ ವರ್ಷವೂ ಗಮನಿಸುತ್ತ ಬಂದರು. 1951ರಲ್ಲಿ ಇಂಗ್ಲೆಂಡಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಎಂಬುವರು ಆ ದೇಶದ ವೈದ್ಯರಿಗೆಲ್ಲ ಪ್ರಶ್ನಪತ್ರಿಕೆಯನ್ನು ಕಳುಹಿಸಿ, ಉತ್ತರಿಸಿದ ಸುಮಾರು ನಲವತ್ತು ಸಾವಿರ ಮಂದಿಯ ಸಾವಿನ ಕಾರಣಗಳನ್ನು ದಾಖಲೆ ಮಾಡತೊಡಗಿದರು. ಐವತ್ತು ವರ್ಷಗಳ ಬಳಿಕ, 2004ರಲ್ಲಿ, ಡಾಲ್ ತನ್ನ ತೊಂಬತ್ತೊಂದನೆಯ ವಯಸ್ಸಿನಲ್ಲಿ ಸಂಗಡಿಗರೊಡನೆ ಅದರ ಫಲಿತಾಂಶವನ್ನು ಪ್ರಕಟಿಸಿದನು: ಜೀವನಪೂರ್ತಿ ಸಿಗರೇಟು ಸೇದುವವರು ಸೇದದವರಿಗಿಂತ ಸರಾಸರಿ ಹತ್ತು ವರ್ಷ ಮುಂಚಿತವಾಗಿ ಸಾಯುತ್ತಾರೆ.

ಪಾಶ್ಚಾತ್ಯರ ಮಾತು ನಮಗೆ ಅನ್ವಯಿಸುವುದೇ ಎಂಬ ಸಂದೇಹಕ್ಕೆ ಬೆಂಗಳೂರಿನಿಂದಲೇ ಉತ್ತರ ಬಂದಿತು. ಮೊದಲ ಸಾರಿ ಹೃದಯಾಘಾತವಾದ 200 ರೋಗಿಗಳನ್ನೂ ಅವರಿಗೆ ಸಮಾನ ವಯಸ್ಸಿನ 200 ಇತರರನ್ನೂ ಬೆಂಗಳೂರಿನಲ್ಲಿ ಹೋಲಿಸಿ ನೋಡಿದ ಅಧ್ಯಯನವು 1996ರಲ್ಲಿ ಪ್ರಕಟವಾಯಿತು. ಎಲ್ಲ ಕಾರಣಗಳಲ್ಲಿಯೂ ಮುಖ್ಯವಾದುದು ಬೀಡಿ ಅಥವಾ ಸಿಗರೇಟಿನ ಧೂಮಪಾನವೇ ಆಗಿತ್ತು. ಸೇದುವವರಿಗೆ ಅಪಾಯವು ಸುಮಾರು ಮೂರೂವರೆ ಪಟ್ಟು. ದಿನಕ್ಕೆ ಹತ್ತು ಅಥವಾ ಹೆಚ್ಚು ಸೇದುವವರಿಗೆ ಆರೂವರೆ ಪಟ್ಟಿಗೂ ಮಿಗಿಲು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿ ಮುಂದೆ ಕೆನಡಕ್ಕೆ ಹೋದ ಸಲೀಂ ಯೂಸುಫರ ನೇತೃತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನವು ಇದನ್ನು ಇನ್ನೂ ವಿಶಾಲವಾಗಿ ಸಮರ್ಥಿಸಿತು.

ಬೀಡಿ, ಕಡ್ಡಿಪುಡಿ, ಪರರ ಹೊಗೆ

ಸಿಗರೇಟಿಗಿಂತ ಬೀಡಿ ಸಾಧುವೆಂದೂ, ಸೇದುವುದಕ್ಕಿಂತ ಜಗಿಯುವುದು ನಿರಪಾಯವೆಂದೂ ನಂಬಿದವರು ನಮ್ಮಲ್ಲಿ ಬಹಳ. ಬೀಡಿಯಲ್ಲಿ ಸೊಪ್ಪು ಕಡಮೆಯೆಂಬುದು ನಿಜ. ಆದರೆ ಅದನ್ನು ಸುತ್ತಿದ ಎಲೆಯು ಕಾಗದದಂತೆ ಗಾಳಿಯನ್ನು ಬಿಡುವುದಿಲ್ಲ. ಆರಿಹೋಗದಂತೆ ಮತ್ತೆ ಮತ್ತೆ ಬಲವಾಗಿ ಎಳೆಯಬೇಕು. ಆದ್ದರಿಂದ ಅದರ ಹೊಗೆಯಲ್ಲಿ ನಿಕೊಟಿನ್, ಡಾಂಬರು, ಕಾರ್ಬನ್ ಮಾನಾಕ್ಸೈಡ್ ಮೂರೂ ಸಿಗರೇಟಿನದಕ್ಕಿಂತ ಕಡಮೆಯಿರುವುದಿಲ್ಲ, ಹೆಚ್ಚಾಗಿಯೇ ಇರುತ್ತವೆ. ಮೇಲೆ ಹೇಳಿದ 52 ದೇಶಗಳ ಅಧ್ಯಯನದ 2006ರ ವರದಿಯ ಪ್ರಕಾರ ಬೀಡಿ ಮಾತ್ರ ಸೇದುವವರಲ್ಲಿ ಹೃದಯಾಘಾತದ ಸಂಭವವು 2.89 ಪಟ್ಟು, ಹೊಗೆಸೊಪ್ಪನ್ನು ಜಗಿಯುವವರಲ್ಲಿ 2.23 ಪಟ್ಟು, ಸೇದುವುದನ್ನೂ ಜಗಿಯುವುದನ್ನೂ ಕೂಡಿಸಿಕೊಂಡವರಲ್ಲಿ 4.09 ಪಟ್ಟು. ಜಗಿಯುವವನಿಗೆ ಕಾರ್ಬನ್ ಮಾನಾಕ್ಸೈಡಿನ ಕಾಟವಿಲ್ಲದಿರಬಹುದು. ಕಪೋಲದ ಒಳಚರ್ಮದ ಮೂಲಕ ನಿಕೊಟಿನ್ ನಿಧಾನವಾಗಿ ಇಳಿದು ಬಹಳ ಹೊತ್ತು ರಕ್ತದಲ್ಲಿ ಉಳಿಯುತ್ತದೆ.

ತಾನು ಸೇದದೆ, ಸೇದುವವರ ಜೊತೆಯಲ್ಲಿ ಬಾಳುವವರ ಗತಿಯೇನು? ಪರರ ಹೊಗೆಯನ್ನು ಉಸಿರಾಡುವುದರಿಂದ ಹೃದ್ರೋಗದ ಅಪಾಯವು ಶೇಕಡ 25ರಿಂದ 30ರಷ್ಟು ಏರುತ್ತದೆ. ಸ್ಕಾಟ್ಲೆಂಡಿನಲ್ಲಿ 2006ರಲ್ಲಿ ಸಾರ್ವಜನಿಕ ಕಟ್ಟಡಗಳಲ್ಲಿ ಧೂಮಪಾನವನ್ನು ನಿಷೇಧಿಸಿದ ಮೇಲೆ, ತೀವ್ರ ಹೃದ್ರೋಗದಿಂದ ಆಸ್ಪತ್ರೆ ಸೇರುವವರ ಸಂಖ್ಯೆಯು ಮರುವರ್ಷದಲ್ಲಿ ಶೇಕಡ 17ರಷ್ಟು ತಗ್ಗಿತು. ಈ ಲಾಭದ ದೊಡ್ಡ ಪಾಲು ದೊರೆತುದು ಸೇದದವರಿಗೆ. ಭಾರತದಲ್ಲಿ 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವು ನಿಷಿದ್ಧ. ಮನೆಯೊಳಗೆ ಕಾನೂನಿನ ಕೈ ಚಾಚದು. ಅಲ್ಲಿ ಹೆಂಡತಿ ಮಕ್ಕಳನ್ನು ಕಾಪಾಡಬೇಕಾದವನು ಯಜಮಾನನೇ.

ಒಂದೇ ಒಂದು ಸಿಗರೇಟು

ಊಟವಾದ ಮೇಲೆ ಒಂದು ಮಾತ್ರ ಸೇದುತ್ತೇನೆ, ಅದರಿಂದೇನು ಎನ್ನುವವರಿದ್ದಾರೆ. ದಿನಕ್ಕೆ ಇಪ್ಪತ್ತು ಸೇದುವವನ ಅಪಾಯದಲ್ಲಿ ಇಪ್ಪತ್ತನೆಯ ಒಂದು ಪಾಲು ಮಾತ್ರ ತನ್ನದೆಂದು ಅವರ ಎಣಿಕೆ. ಕ್ಯಾನ್ಸರಿನ ಮಟ್ಟಿಗೆ ಈ ಎಣಿಕೆಯು ಸುಮಾರಾಗಿ ಸರಿಹೋಗಬಹುದು. ಹೃದಯದ ಮಟ್ಟಿಗೆ ಸಲ್ಲದು. ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಲ್ಲಿ, ದಿನಕ್ಕೆ ಒಂದೇ ಸಿಗರೇಟು ಸೇದುವವರೂ ಇಪ್ಪತ್ತು ಸೇದುವವರ ಅಧಿಕ ಅಪಾಯದ ಅರ್ಧದಷ್ಟನ್ನು ಹೊತ್ತಿರುತ್ತಾರೆಂದು ಕಂಡುಬಂದಿದೆ. ಇದರ ಕಾರಣವು ಮೇಲಿನ ವಿವರಣೆಯಲ್ಲೇ ಅಡಗಿದೆ. ನಾಳದ ಒಳಪದರವನ್ನು ಕೆಡಿಸಲು, ರಕ್ತದ ಕಿರುಬಿಲ್ಲೆಗಳನ್ನು ಅಂಟಾಗಿಸಲು ಅಲ್ಪ ಪ್ರಮಾಣದ ಹೊಗೆಯೇ ಸಾಕು. ಆಮೇಲೆ ಪ್ರಮಾಣವು ಹೆಚ್ಚಿದಂತೆ ಹಾನಿಯು ಹೆಚ್ಚಿದರೂ ಅದೇ ವೇಗದಲ್ಲಿ ಹೆಚ್ಚುವುದಿಲ್ಲ. ಆದುದರಿಂದ ಹೃದಯದ ದೃಷ್ಟಿಯಿಂದ ಕಡಮೆ ಮಾಡುವುದು ಬಿಡುವುದರ ಮೊದಲ ಮೆಟ್ಟಿಲಾಗಬಹುದೇ ಹೊರತು, ಅಲ್ಲಿಯೇ ನಿಂತರೆ ರಕ್ಷಣೆಯಿಲ್ಲ.

ಬಿಟ್ಟವನಿಗೆ ಬರುವ ಲಾಭ

ಚಟವನ್ನು ಬಿಡುವುದು ಸುಲಭವೆಂದು ಹೇಳಲಾಗದು. ನಿಕೊಟಿನ್ನಿಗೆ ಒಗ್ಗಿಹೋದ ಮೆದುಳು ಅದಿಲ್ಲದಾಗ ಚಡಪಡಿಸುತ್ತದೆ. ಸಿಡುಕು, ನಿದ್ರಾಭಂಗ, ಏಕಾಗ್ರತೆಯ ಕೊರತೆಗಳು ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ಮೂರು ದಿನಗಳು ಬಹಳ ಕಠಿಣವಾಗಿರುತ್ತವೆ; ಕೆಲವು ವಾರಗಳಲ್ಲಿ ಈ ತೊಂದರೆಗಳು ಶಮನವಾಗುತ್ತವೆ. ಬಿಡಲಾಗದೆ ಸೋತವನು ತನ್ನ ಮನೋಬಲವನ್ನು ಹಳಿದುಕೊಳ್ಳಬೇಕಾಗಿಲ್ಲ. ಅನೇಕರು ಒಂದಕ್ಕಿಂತ ಹೆಚ್ಚು ಸಾರಿ ಪ್ರಯತ್ನಿಸಿಯೇ ಗೆದ್ದಿದ್ದಾರೆ. ವೈದ್ಯರ ಸಲಹೆ, ನಿಕೊಟಿನ್ನಿನ ಅಂಟು ಅಥವಾ ಪಟ್ಟಿ, ಔಷಧಿಗಳು ಇಂದು ನೆರವಿಗಿವೆ. ಸಿಗರೇಟು, ಬೀಡಿಗಳ ಪೊಟ್ಟಣಗಳ ಮೇಲೆ ಮುದ್ರಿತವಾಗಿರುವ 1800-11-2356 ಎಂಬ ಸಂಖ್ಯೆಗೆ ದೂರವಾಣಿ ಮಾಡಿ ಉಚಿತವಾಗಿ ಸಲಹೆಯನ್ನು ಪಡೆಯಬಹುದು.

ಬಿಟ್ಟವನ ದೇಹವು ತೋರಿಸುವ ಕೃತಜ್ಞತೆಯಾದರೋ ಆಶ್ಚರ್ಯಕರ. ಅರ್ಧ ಗಂಟೆಯೊಳಗೆ ನಾಡಿಯು ಇಳಿಯತೊಡಗುತ್ತದೆ. ರಕ್ತದಲ್ಲಿ ಸೇರಿದ ಕಾರ್ಬನ್ ಮಾನಾಕ್ಸೈಡ್ ನಾಲ್ಕೈದು ಗಂಟೆಗಳಿಗೊಮ್ಮೆ ಅರ್ಧರ್ಧವಾಗುತ್ತ, ಒಂದು ದಿನದಲ್ಲಿ ಸಹಜಸ್ಥಿತಿಗೆ ಬರುತ್ತದೆ. ಕೆಲವು ವಾರಗಳಲ್ಲಿ ಕಿರುಬಿಲ್ಲೆಗಳ ಅಂಟು ಕಡಮೆಯಾಗುತ್ತದೆ. ಒಂದು ವರ್ಷದಲ್ಲಿ ಹೃದ್ರೋಗದ ಅಧಿಕ ಅಪಾಯವು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹದಿನೈದು ವರ್ಷಗಳಲ್ಲಿ ಅದು ಎಂದೂ ಸೇದದವನ ಮಟ್ಟಕ್ಕೆ ಸಮೀಪಿಸುತ್ತದೆ.

ಹೃದಯಾಘಾತವಾದ ಮೇಲೆ ಬಿಟ್ಟು ಪ್ರಯೋಜನವೇನೆಂದು ನಿರಾಶರಾಗುವವರೂ ಉಂಟು. ಅಂತಹವರ ಬಗೆಗೆ ನಡೆದ ಅಧ್ಯಯನಗಳನ್ನು 2003ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ರೋಗವು ಕಾಣಿಸಿಕೊಂಡ ಮೇಲೆ ಧೂಮಪಾನವನ್ನು ತ್ಯಜಿಸಿದವರಲ್ಲಿ ಸಾವಿನ ಅಪಾಯವು ಮುಂದುವರಿಸಿದವರಿಗಿಂತ ಮೂರನೆಯ ಒಂದು ಪಾಲಿನಷ್ಟು ಕಡಮೆಯಿದ್ದುದು ಕಂಡುಬಂದಿತು. ಹೃದ್ರೋಗಿಗೆ ಕೊಡುವ ಬೆಲೆಬಾಳುವ ಔಷಧಿಗಳಲ್ಲಿಯೂ ಇಷ್ಟು ಫಲವನ್ನು ಕೊಡುವವು ವಿರಳ. ಈ ಔಷಧಿಗೆ ಬೆಲೆಯೂ ಇಲ್ಲ.

ಡಾಲ್ ಮತ್ತು ಸಂಗಡಿಗರ ಐವತ್ತು ವರ್ಷದ ಲೆಕ್ಕವು ಇದನ್ನೇ ಆಯುಸ್ಸಿನ ಭಾಷೆಯಲ್ಲಿ ಹೇಳುತ್ತದೆ. ಅರವತ್ತನೆಯ ವಯಸ್ಸಿನಲ್ಲಿ ಬಿಟ್ಟವನು ಸುಮಾರು ಮೂರು ವರ್ಷದ ಆಯುಸ್ಸನ್ನು ಮರಳಿ ಗಳಿಸುತ್ತಾನೆ. ಐವತ್ತರಲ್ಲಿ ಬಿಟ್ಟವನು ಆರು ವರ್ಷ, ನಲವತ್ತರಲ್ಲಿ ಒಂಬತ್ತು ವರ್ಷ. ಮೂವತ್ತರಲ್ಲಿ ಬಿಟ್ಟವನು ಕಳೆದುಕೊಳ್ಳಲಿದ್ದ ಹತ್ತು ವರ್ಷಗಳನ್ನೂ ಬಹುಮಟ್ಟಿಗೆ ಉಳಿಸಿಕೊಳ್ಳುತ್ತಾನೆ. ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವುಂಟು. ಬೇಗ ಬಿಟ್ಟಷ್ಟೂ ಲಾಭ ಹೆಚ್ಚು. ಎಂದೂ ಹಚ್ಚಿಕೊಳ್ಳದಿರುವವನ ಲಾಭವು ಎಲ್ಲಕ್ಕಿಂತ ಹಿರಿದೆಂದು ಬೇರೆ ಹೇಳಬೇಕಾಗಿಲ್ಲ.